ಮೂರು ಗಂಟೆಯ ಕಟ್ಟೆ

ನನ್ನ ತವರು ಟಿ. ನರಸೀಪುರ. ಕಾಶಿಗಿಂತ ಒಂದು ಗುಲಗಂಜಿಯಷ್ಟು ತೂಕ ಹೆಚ್ಚು ಎಂದು ಹೇಳಿಕೊಳ್ಳುವ ಊರು ಅದು. ಆ ಗುಲಗಂಜಿಯ ಜಂಬವನ್ನು ಹೊತ್ತುಕೊಂಡೇ ನಾನು ನಂಜನಗೂಡಿಗೆ ಸೊಸೆಯಾಗಿ ಬಂದೆ. ನಂಜನಗೂಡಿನವರಿಗೆ ತಮ್ಮೂರೇ ದಕ್ಷಿಣ ಕಾಶಿ. ನನ್ನ ಅತ್ತೆ ಹುಟ್ಟಿದ್ದು ಕವಲಂದೆಯಲ್ಲಿ, ಹಾಗಾಗಿ ಈ ಎರಡು ಕಾಶಿಗಳ ವ್ಯಾಜ್ಯದಲ್ಲಿ ಅವರಿಗೆ ಪಾಲೇನೂ ಇರಲಿಲ್ಲ. ಆದರೂ ನಾನು ಬಂದ ಮೊದಲ ವಾರವೇ ನಮ್ಮೂರ ಸಂಗಮದ ಬಗ್ಗೆ ಬಾಯಿ ಬಿಟ್ಟಾಗ, ಗುಲಗಂಜಿ ತೂಗುವುದು ಅಕ್ಕಸಾಲಿಗರ ಕೆಲಸ, ನೀನು ಅಕ್ಕಿ ಅಳೆದು ಒಲೆ ಮೇಲಿಡು ಎಂದರು. ಅಲ್ಲಿಂದ ನಮ್ಮಿಬ್ಬರ ಸಂಸಾರ ಶುರುವಾಯಿತು.

ನಾವು ಜಗಳವಾಡಿದೆವು ಎಂದು ಯಾರೂ ತಿಳಿಯಬೇಡಿ. ಜಗಳವಾಡುವಷ್ಟು ಸಲಿಗೆಯೇ ನಮ್ಮಲ್ಲಿ ಇರಲಿಲ್ಲ. ನಮ್ಮದು ಹಳೇ ಬೀದಿಯ ಹಳೇ ಮನೆ. ಮುಂದೆ ಜಗಲಿ, ನಡುವೆ ನಡುಮನೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ, ಹಿಂದೆ ಬಚ್ಚಲು. ಎಲ್ಲಿ ನಿಂತರೂ ಎಲ್ಲವೂ ಕಾಣುತ್ತದೆ, ಎಲ್ಲವೂ ಕೇಳುತ್ತದೆ. ನಾನು ಬಚ್ಚಲಲ್ಲಿ ಸೀನಿದರೆ ನಡುಮನೆಯಿಂದ ಅತ್ತೆ, ನಿನ್ನೆ ರಾತ್ರಿ ಮೊಸರು ಬೇಡ ಅಂದಿದ್ದೆ ಎನ್ನುತ್ತಿದ್ದರು. ನಮ್ಮ ಯಜಮಾನರು ದಿನಸಿ ಅಂಗಡಿ ಇಟ್ಟವರು. ಬೆಳಿಗ್ಗೆ ವಿಭೂತಿ ಧರಿಸಿ ಹೊರಟರೆ ಮಧ್ಯಾಹ್ನ ಊಟಕ್ಕೆ ಬಂದು, ಕೈ ತೊಳೆದು, ಮತ್ತೆ ಮಾಯ. ಮನೆಯಲ್ಲಿ ಏನಾದರೂ ಬಿಸಿ ಏರುತ್ತಿದೆ ಎಂದು ಗೊತ್ತಾದರೆ ಅವರಿಗೆ ಆವತ್ತು ಅಂಗಡಿಗೆ ಬೇಳೆ ಬರುವುದಿರುತ್ತಿತ್ತು. ಉಳಿದ ಹೊತ್ತೆಲ್ಲ ಒಂದು ನಡುಮನೆ, ಇಬ್ಬರು ಹೆಂಗಸರು.

ಇಷ್ಟು ವರ್ಷ ಆ ಮನೆಯನ್ನು ಕಾಪಾಡಿದ್ದು ದೇವರಲ್ಲ, ಕಟ್ಟೆ. ನಂಜುಂಡೇಶ್ವರ ಕ್ಷಮಿಸಲಿ, ಇದ್ದದ್ದನ್ನು ಹೇಳುತ್ತಿದ್ದೇನೆ.

ನಮ್ಮ ಬೀದಿಯ ಕೊನೆಗೆ, ಹೊಳೆಗೆ ಇಳಿಯುವ ದಾರಿ ತಿರುಗುವಲ್ಲಿ, ನಾಲ್ಕು ಕಂಬದ ಒಂದು ಕಲ್ಲುಮಂಟಪವಿದೆ. ಅದರ ಪಕ್ಕ ಅರಳಿಮರ, ಮರದ ಸುತ್ತ ಚಪ್ಪಡಿ ಕಲ್ಲಿನ ಅಗಲವಾದ ಕಟ್ಟೆ, ಮುಂದೆ ಒಂದಿಷ್ಟು ಕಲ್ಲುಹಾಸಿನ ಅಂಗಳ. ಯಾವ ಕಾಲದ್ದೋ ಯಾರಿಗೂ ತಿಳಿಯದು. ಬೆಳಿಗ್ಗೆ ಅಲ್ಲಿ ಪೇಪರ್ ಓದುವ ಗಂಡಸರು ಕೂತು ದೇಶ ಆಳುತ್ತಾರೆ. ಮಧ್ಯಾಹ್ನಕ್ಕೆ ಮುಡಿ ಕೊಟ್ಟು ಬಂದ ಭಕ್ತರು ಬೋಳು ತಲೆಗೆ ಗಂಧ ಬಳಿದುಕೊಂಡು ಸಾಲಾಗಿ ಮಲಗುತ್ತಾರೆ. ಸಂಜೆ ಬೀದಿದೀಪದ ಬೆಳಕಿನಲ್ಲಿ ಮಕ್ಕಳ ಕ್ರಿಕೆಟ್. ನಡುವೆ ಮೂರು ಗಂಟೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಹೆಂಗಸರ ಸರದಿ. ಈ ವೇಳಾಪಟ್ಟಿಯನ್ನು ಯಾರೂ ಬರೆದಿಲ್ಲ, ಯಾರೂ ಮುರಿದಿಲ್ಲ. ಮೂರು ಗಂಟೆಗೆ ನಮ್ಮ ಬೀದಿಯ ಅಜ್ಜಿಯೊಬ್ಬರು ಬಂದು ಸುಮ್ಮನೆ ಕೆಮ್ಮಿದರೆ ಸಾಕು, ಮಲಗಿದ್ದ ಭಕ್ತರು ಎದ್ದು ಪಂಚೆ ಕೊಡವಿಕೊಂಡು ಹೊರಡುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಅವರೆಕಾಯಿ ಸುಲಿಯುತ್ತಾರೆ, ಶಿವರಾತ್ರಿ ಕಳೆದು ಬಿಸಿಲೇರಿದರೆ ಅಂಗಳದ ತುಂಬ ಸಂಡಿಗೆ, ಹಪ್ಪಳ, ಮಜ್ಜಿಗೆಮೆಣಸಿನಕಾಯಿ.

ನಮ್ಮತ್ತೆ ಮೂರಕ್ಕೆ ಮುಂಚೆಯೇ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಕಟ್ಟೆಗೆ ಓಗ್ ಬತ್ತೀನಿ ಎಂದು ಬಾಗಿಲಿಗೆ ಹೇಳಿ ಹೊರಡುತ್ತಿದ್ದರು. ಬಾಗಿಲಿಗೆ ಯಾಕೆಂದರೆ, ನನಗೆ ಹೇಳಿದರೆ ಅಪ್ಪಣೆ ಕೇಳಿದಂತಾಗುತ್ತಲ್ಲ. ಅವರ ಮಂಡಿ ಸವೆದು ಬಹಳ ಕಾಲವಾಗಿತ್ತು. ಒಂದು ಕೈಯಲ್ಲಿ ಗೋಡೆ ಹಿಡಿದು, ಪ್ರತಿ ಮನೆಯ ಜಗಲಿಯ ಮುಂದೂ ನಿಂತು ಸುಧಾರಿಸಿಕೊಂಡು ಹೋಗುತ್ತಿದ್ದರು. ಅವರು ತಿರುವು ದಾಟುವವರೆಗೆ ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಬೀದಿಯವರೆಲ್ಲ, ಎಂಥಾ ಸೊಸೆ ನೋಡಿ, ಅತ್ತೆ ಬೀಳ್ತಾರೇನೋ ಅಂತ ಕಾಯ್ತಾಳೆ ಎನ್ನುತ್ತಿದ್ದರಂತೆ. ನಾನು ಕಾಯುತ್ತಿದ್ದದ್ದು ಅವರು ಏನಾದರೂ ಮರೆತು ವಾಪಸ್ಸು ಬಂದಾರೇನೋ ಎಂದು.

ತಿರುವು ದಾಟಿದರೋ, ಮನೆ ನನ್ನದು. ಟಿವಿಯಲ್ಲಿ ನನಗೆ ಬೇಕಾದ ಸೀರಿಯಲ್ಲು. ಅತ್ತೆ ಬೀಗರಿಗೆಂದು ಎತ್ತಿಟ್ಟ ಡಬ್ಬದಿಂದ ಎರಡು ಚಕ್ಕುಲಿ. ನರಸೀಪುರದ ನನ್ನ ತಂಗಿಗೆ ಫೋನು, ಅದೂ ಗಂಟಲು ಬಿಚ್ಚಿ. ಕೆಲವು ದಿನ ಸುಮ್ಮನೆ ಹಾಡಿಕೊಳ್ಳುತ್ತಿದ್ದೆ. ಅತ್ತೆ ಕಟ್ಟೆಯಲ್ಲಿ ನನ್ನ ಮೇಲೆ ಏನೇನು ಫಿರ್ಯಾದು ಹೇಳುತ್ತಿದ್ದಾರೋ ಎಂಬ ಅನುಮಾನ ಇರಲಿಲ್ಲವೆಂದಲ್ಲ. ಹೇಳಿಕೊಳ್ಳಲಿ ಬಿಡು, ಹೇಳಿ ಮುಗಿಸಲು ದೀಪ ಹಚ್ಚುವ ಹೊತ್ತಾಗಲಿ ಎಂದು ನಾನೇ ಅವರಿಗೆ ವಿಷಯ ಒದಗಿಸಿಕೊಡುತ್ತಿದ್ದೆ.

ಹೀಗೆ ನೆಮ್ಮದಿಯಾಗಿದ್ದಾಗ ಅಭಿವೃದ್ಧಿ ಬಂತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವಾರ್ಡ್ ಮೆಂಬರು ಮನೆಮನೆಗೂ ಬಂದು ಹೇಳಿ ಹೋದ. ಹಳೇ ಪಟ್ಟಣದ ಸಾರ್ವಜನಿಕ ಜಾಗಗಳನ್ನು ಸುಸ್ಥಿರವಾಗಿ ಅಭಿವೃದ್ಧಿ ಮಾಡುವ ಯೋಜನೆಯಂತೆ, ಯಾವ ಜಾಗವನ್ನು ಜನ ಹೇಗೆ ಬಳಸುತ್ತಾರೆ ಎಂದು ನೋಡಲು ನಾಳೆ ಮೈಸೂರಿನಿಂದ ಬರುತ್ತಾರಂತೆ, ನಮ್ಮ ಬೀದಿಯ ಮಾನ ನಮ್ಮ ಕೈಯಲ್ಲಿದೆಯಂತೆ. ಅತ್ತೆ ಸುಸ್ಥಿರ ಎಂದರೇನು ಎಂದು ಕೇಳಿದರು. ಯಾವಾಗಲೂ ಹಾಳಾಗದಂಗೆ ಇರೋದು ಕಣವ್ವ ಎಂದು ಅವನು ವಿವರಿಸಿದ. ಅಂಥದ್ದು ಒಂದು ಕಟ್ಟೆ ಅಲ್ಲಿ ಇದ್ದೇ ಇದೆಯಲ್ಲ, ಅದಕ್ಕೆ ಇನ್ನೇನು ಮಾಡುತ್ತಾರೆ ಎಂದು ಅತ್ತೆ ಕೇಳುವಷ್ಟರಲ್ಲಿ ಅವನು ಮುಂದಿನ ಮನೆಗೆ ಹೋಗಿದ್ದ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರಾದರೂ ದೊಡ್ಡವರು ನೋಡಲು ಬರುತ್ತಾರೆ ಎಂದರೆ, ಅವರು ನೋಡಬೇಕಾದ್ದನ್ನೆಲ್ಲ ಮೊದಲು ಅಡಗಿಸಿಡುವುದು. ಹೆಣ್ಣು ನೋಡಲು ಬಂದಾಗ ಒಗೆದ ಬಟ್ಟೆ ಮಂಚದ ಕೆಳಗೆ ಹೋಗುತ್ತದೆ, ಅಜ್ಜನನ್ನು ಹಿತ್ತಲಿಗೆ ಕಳಿಸುತ್ತಾರೆ. ಶಾಲೆಗೆ ಇನ್ಸ್‌ಪೆಕ್ಟರು ಬಂದರೆ ಗಲಾಟೆ ಮಾಡುವ ಹುಡುಗರಿಗೆ ರಜೆ. ಇದು ನಮ್ಮಲ್ಲಿ ಮರ್ಯಾದೆ. ಹಾಗೇ ಮಾರನೇ ದಿನ ಬೆಳಗಾಗುವುದರೊಳಗೆ ಇಡೀ ಬೀದಿ ಕಟ್ಟೆಯ ಮೇಲೆ ಬಿತ್ತು. ಸಂಡಿಗೆ ಒಣಹಾಕಿದ ಪಂಚೆಗಳೆಲ್ಲ ಮಡಿಸಿ ಒಳಗೆ. ಪೇಪರ್ ಗಂಡಸರಿಗೆ ಆವತ್ತು ಪೇಪರ್ ಮನೆಯಲ್ಲೇ. ಮುಡಿ ಕೊಟ್ಟ ಭಕ್ತರನ್ನು ಕೈಮುಗಿದು ಛತ್ರಕ್ಕೆ ಸಾಗಿಸಿದರು. ದಿನವೂ ಅಲ್ಲೇ ಮಲಗುವ ಹಸುವನ್ನು ಹೊಳೆಯ ಕಡೆ ಕಟ್ಟಿಬಂದರು. ಅಂಗಳ ತೊಳೆದು, ಸಗಣಿ ಸಾರಿಸಿ, ನಮ್ಮ ಪಕ್ಕದ ಮನೆಯಾಕೆ ಅಂಗಳದ ಉದ್ದಗಲಕ್ಕೂ ಒಂದು ರಂಗೋಲಿ ಬಿಟ್ಟಳು. ಎಷ್ಟು ದೊಡ್ಡದೆಂದರೆ ಅದನ್ನು ತುಳಿಯದೆ ಕಟ್ಟೆಗೆ ಹೋಗಲು ದಾರಿಯೇ ಉಳಿಯಲಿಲ್ಲ. ತುಳಿದವರ ಕಾಲು ಮುರೀತೀನಿ ಎಂದು ಆಕೆ ಮಕ್ಕಳಿಗೆಲ್ಲ ಹೇಳಿಟ್ಟಿದ್ದಳು.

ಬಂದದ್ದು ಒಬ್ಬಳೇ ಒಬ್ಬ ಹುಡುಗಿ. ಕನ್ನಡಕ, ಬೆನ್ನಿಗೊಂದು ಚೀಲ, ಕೈಯಲ್ಲಿ ಟ್ಯಾಬ್. ಪಾಪ, ರಂಗೋಲಿ ತುಳಿಯಲು ಅವಳಿಗೂ ಮನಸ್ಸಾಗದೆ ಎದುರು ಗೋಡೆಯ ನೆರಳಿನಲ್ಲಿ ನಿಂತಳು. ಬೆಳಗಿನಿಂದ ಸಂಜೆವರೆಗೆ ನಿಂತಳು. ಕಟ್ಟೆಯ ಮೇಲೆ ಒಂದು ನಾಯಿ ಬಂದು ಮೂಸಿ ಹೋದದ್ದು ಬಿಟ್ಟರೆ ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ನಾವೆಲ್ಲ ಕಿಟಕಿಯ ಹಿಂದೆ ನಿಂತು, ಎಷ್ಟು ಚೆಂದ ಕಾಣ್ತಿದೆ ನೋಡಿ ನಮ್ಮ ಕಟ್ಟೆ ಎಂದು ಹೆಮ್ಮೆಪಡುತ್ತಿದ್ದೆವು.

ಸಂಜೆ ಆಕೆ ಮನೆಮನೆಗೆ ಬಂದು, ನೀವು ಆ ಜಾಗವನ್ನು ಉಪಯೋಗಿಸುತ್ತೀರಾ ಎಂದು ಕೇಳಿದಳು. ಸರ್ಕಾರದ ಕಡೆಯವರು ಏನು ಕೇಳಿದರೂ ಮೊದಲು ಇಲ್ಲ ಎನ್ನಬೇಕು, ಆಮೇಲೆ ಬೇಕಾದರೆ ಯೋಚಿಸಬಹುದು ಎಂಬುದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿ. ಎಲ್ಲರೂ ಇಲ್ಲ ಎಂದರು. ನಾಳೆ ಕಟ್ಟೆಗೂ ಕಂದಾಯ ಹಾಕಿದರೆ ಯಾರಿಗೆ ಬೇಕು. ನಮ್ಮತ್ತೆಯಂತೂ ಕೇಳಿದ್ದೇ ತಡ, ಹುಡುಗಿಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

"ನಾವ್ಯಾಕವ್ವ ಬೀದೀಲಿ ಓಗ್ ಕೂರಾಣ? ನಮ್ಗೇನ್ ಮನೆ ಇಲ್ವಾ?"

ಹುಡುಗಿ ತಲೆಯಾಡಿಸಿ ಟ್ಯಾಬಿನಲ್ಲಿ ಏನೋ ಒತ್ತಿದಳು. ನಾನು ಕಾಫಿ ಕೊಟ್ಟೆ.

ತಿಂಗಳೊಳಗೆ ಛತ್ರದಲ್ಲಿ ಸಭೆ ಕರೆದರು. ಯೋಜನೆಯ ಕಡೆಯಿಂದ ಬಂದ ಅಧಿಕಾರಿಯೊಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟರು. ನಮ್ಮದೇ ಬೀದಿ, ಆದರೆ ಗುರುತೇ ಸಿಗಲಿಲ್ಲ. ಕರೆಂಟಿನ ತಂತಿ ಇಲ್ಲ, ಚರಂಡಿ ಇಲ್ಲ, ಹಸು ಇಲ್ಲ. ಎಲ್ಲ ಮನೆಗೂ ಒಂದೇ ಬಣ್ಣ. ಬೀದಿಯಲ್ಲಿ ಒಬ್ಬಳು ಪ್ಯಾಂಟು ಹಾಕಿಕೊಂಡು ಬಲೂನು ಹಿಡಿದು ನಿಂತಿದ್ದಾಳೆ, ಒಬ್ಬಾತ ನಾಯಿಗೆ ಹಗ್ಗ ಕಟ್ಟಿ ನಡೆಸುತ್ತಿದ್ದಾನೆ. ಇವರು ಯಾರ ಮನೆಯವರು ಎಂದು ಅತ್ತೆ ನನ್ನನ್ನು ಕೇಳಿದರು. ಬಾಡಿಗೆಗೆ ಬಂದವರಿರಬೇಕು ಎಂದೆ. ಆಮೇಲೆ ಚಿತ್ರ ಮುಂದಕ್ಕೆ ಸರಿಯಿತು. ಅರಳಿಮರ ಇತ್ತು, ಅದರ ಸುತ್ತ ಒಂದು ಕಬ್ಬಿಣದ ಬಳೆ ಇತ್ತು. ಕಟ್ಟೆ ಇರಲಿಲ್ಲ. ಕಟ್ಟೆಯ ಜಾಗದಲ್ಲೂ ಅಂಗಳದಲ್ಲೂ ಬಿಳಿ ಗೆರೆ ಎಳೆದು, ಗೆರೆಗಳ ನಡುವೆ ಕಾರುಗಳನ್ನು ನಿಲ್ಲಿಸಿದ್ದರು.

ಹುಣ್ಣಿಮೆ, ಸೋಮವಾರ ಬಂತೆಂದರೆ ಭಕ್ತರ ವಾಹನಕ್ಕೆ ಜಾಗವಿಲ್ಲ, ಅದು ನಮಗೂ ಗೊತ್ತು. ಅಧಿಕಾರಿ ಒಳ್ಳೆಯವರು, ಸಮಾಧಾನವಾಗಿಯೇ ಹೇಳಿದರು. ಮಂಟಪವನ್ನೂ ಮರವನ್ನೂ ಮುಟ್ಟುವುದಿಲ್ಲ, ಆದರೆ ಸರ್ವೆಯ ಪ್ರಕಾರ ಕಟ್ಟೆಯನ್ನಾಗಲಿ ಅಂಗಳವನ್ನಾಗಲಿ ಯಾರೂ ಬಳಸುತ್ತಿಲ್ಲ, ಇಡೀ ದಿನ ನೋಡಿದ್ದಾರೆ, ನೀವೂ ಹಾಗೇ ಹೇಳಿದ್ದೀರಿ. ಎಲ್ಲರೂ ನಿಧಾನವಾಗಿ ತಿರುಗಿ ರಂಗೋಲಿ ಬಿಟ್ಟವಳನ್ನು ನೋಡಿದರು. ಆಕೆ ವಾರ್ಡ್ ಮೆಂಬರನ್ನು ನೋಡಿದಳು. ಅವನು ಫೋನ್ ಬಂದವನಂತೆ ಎದ್ದು ಹೊರಗೆ ಹೋದ.

ಕೆಲಸ ಶುರುವಾಗುವ ಮುಂಚೆ ಪ್ರಯೋಗಕ್ಕೆಂದು ಅಂಗಳದಲ್ಲಿ ಹಗ್ಗ ಕಟ್ಟಿ ಕಾರು ಬಿಡಲು ತೊಡಗಿದರು. ಕಟ್ಟೆಗೆ ಒತ್ತಿಕೊಂಡೇ ಕಾರುಗಳು. ಹತ್ತಲು ಸಂದಿಯೇ ಇಲ್ಲ. ಹೀಗೆ ಅತ್ತೆ ಮನೆಗೆ ಬಂದು ಬಿದ್ದರು.

ಆ ದಿನಗಳನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಮೊದಲ ದಿನವೇ ಅಡುಗೆಮನೆಯ ಡಬ್ಬಗಳ ಸಾಲು ಬದಲಾಯಿತು. ಉಪ್ಪು ಇದ್ದಲ್ಲಿ ಮೆಂತ್ಯ, ಮೆಂತ್ಯ ಇದ್ದಲ್ಲಿ ಸಾಸಿವೆ. ಎರಡನೇ ದಿನ ಸೀರಿಯಲ್ಲು ನೋಡಲು ನನ್ನ ಜೊತೆ ಕೂತು, ಆ ಕೆಟ್ಟ ಅತ್ತೆಯ ಪಾತ್ರದ ಪರ ವಕಾಲತ್ತು ವಹಿಸಿದರು. ತಂಗಿಗೆ ಫೋನ್ ಮಾಡಿದರೆ ನಾನು ಪಿಸುಗುಟ್ಟಬೇಕು. ಅವಳು, ಯಾಕಕ್ಕ ಗಂಟಲು ಕಟ್ಟಿದೆಯಾ, ಕಷಾಯ ಮಾಡ್ಕೋ ಎನ್ನುತ್ತಾಳೆ. ಚಕ್ಕುಲಿ ಡಬ್ಬ ತೆಗೆದು ಎಣ್ಣೆ ವಾಸನೆ ಬಂದಿದೆಯಾ ನೋಡೋಣ ಎಂದ ಅತ್ತೆ, ಡಬ್ಬ ಇಷ್ಟು ಹಗುರವಾಗಿದೆಯಲ್ಲ ಎಂದು ಬಹಳ ಹೊತ್ತು ಯೋಚಿಸಿದರು. ಇಲಿ ಇದೆ ಎಂದೆ. ಮುಚ್ಚಳ ತಿರುಗಿಸಿ ಹಾಕುವ ಇಲಿಯಾ ಎಂದು ಕೇಳಿದರು. ಯಜಮಾನರಿಗೆ ಆ ವಾರವೆಲ್ಲ ಅಂಗಡಿಗೆ ಬೇಳೆ ಬರುವುದೇ ಆಯಿತು, ಊಟವನ್ನೂ ಅಲ್ಲಿಗೇ ತರಿಸಿಕೊಂಡರು.

ಒಂದನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಮೂರು ಗಂಟೆಗೆ ಅತ್ತೆ ಅಭ್ಯಾಸಬಲದಿಂದ ಎದ್ದು ಮುಖ ತೊಳೆಯುತ್ತಿದ್ದರು. ವಿಭೂತಿ ಇಟ್ಟುಕೊಳ್ಳುತ್ತಿದ್ದರು. ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋಗಿ, ನೆನಪಾಗಿ, ಅಲ್ಲೇ ಹೊಸಿಲ ಬಳಿ ಸ್ವಲ್ಪ ಹೊತ್ತು ನಿಂತು ಮತ್ತೆ ಬಂದು ಕೂರುತ್ತಿದ್ದರು. ಒಂದು ದಿನ ತಡೆಯಲಾರದೆ ಹೋಗಿ, ಯಾವುದೋ ಊರಿನ ಕಾರಿನ ಡ್ರೈವರನಿಗೆ ಇದು ನಾನು ಕೂರುವ ಜಾಗ, ಗಾಡಿ ತೆಗಿ ಎಂದರಂತೆ. ಅವನು ಸಭ್ಯಸ್ಥ, ಕಾರಿನ ಬಾಗಿಲು ತೆಗೆದು ಒಳಗೆ ಕೂರಿ ಅಜ್ಜಿ, ಎಸಿ ಹಾಕ್ತೀನಿ ಎಂದನಂತೆ. ವಾಪಸ್ಸು ಬಂದವರ ಮುಖ ಕಂದಿಹೋಗಿತ್ತು. ನನಗೆ ಸಂಕಟವಾಯಿತು. ಸಂಕಟದ ಹಿಂದೆಯೇ, ಇದು ಜೀವಮಾನವಿಡೀ ಹೀಗೇ ಎಂಬ ಭಯವೂ ಬಂತು.

ಮಾರನೆಯ ಬೆಳಿಗ್ಗೆ ನಾನು ವಾರ್ಡ್ ಮೆಂಬರನ ಮನೆ ಮುಂದೆ ನಿಂತೆ. ಅತ್ತೆಗಾಗಿ ಸೊಸೆ ಬೀದಿಗಿಳಿದಿದ್ದಾಳೆ ಎಂದು ಜನ ಹಾಡಿ ಹೊಗಳಿದರು. ಹೊಗಳಿದರೆ ಬೇಡ ಎನ್ನುವುದು ಹೇಗೆ. ನಾನು ಬೀದಿಗಿಳಿದದ್ದು ನನ್ನ ಮೂರು ಗಂಟೆಗಾಗಿ. ಇನ್ನೊಮ್ಮೆ ಸರ್ವೆ ಮಾಡಿಸದಿದ್ದರೆ ನಮ್ಮ ಬೀದಿಯ ಹೆಂಗಸರ ಸಂಡಿಗೆಯನ್ನೆಲ್ಲ ನಿನ್ನ ಮನೆ ತಾರಸಿಯ ಮೇಲೆ ಒಣಹಾಕುತ್ತೇವೆ, ಕಾಗೆ ಕಾಯಲು ನಮ್ಮತ್ತೆಯನ್ನು ಅಲ್ಲೇ ಬಿಡುತ್ತೇನೆ ಎಂದೆ. ಅವನಿಗೆ ನಮ್ಮತ್ತೆ ಗೊತ್ತು. ಆ ವಾರದಲ್ಲೇ ಕಾರುಗಳನ್ನು ತೆಗೆಸಿ ಮರುಸರ್ವೆಗೆ ದಿನ ಗೊತ್ತುಮಾಡಿಸಿದ. ಯೋಜನೆಯ ಅಧಿಕಾರಿಯೂ, ಜನ ಬಳಸುವುದು ನಿಜವಾದರೆ ನಕ್ಷೆ ಬದಲಾಯಿಸಲು ತಮಗೇನೂ ಅಡ್ಡಿಯಿಲ್ಲ ಎಂದರು.

ಈ ಸಲ ಯಾರೂ ಏನನ್ನೂ ಅಡಗಿಸಬಾರದು, ಕಟ್ಟೆಯ ಮೇಲೆ ಜನ ಕಾಣಬೇಕು ಎಂದು ನಾನೇ ಮನೆಮನೆಗೆ ಹೇಳಿಬಂದೆ. ಹೇಳಿದ್ದು ಜಾಸ್ತಿಯಾಯಿತು. ಮರುಸರ್ವೆಯ ದಿನ ಮೂರು ಗಂಟೆಗೆ ನಮ್ಮ ಬೀದಿಯ ಹೆಂಗಸರೆಲ್ಲ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಬಂದು ಕೂತರು. ಜನ ಸಾಲದು ಎಂದು ನಾನು ನರಸೀಪುರದಿಂದ ತಂಗಿಯನ್ನೂ ಅವಳ ಓರಗಿತ್ತಿಯರನ್ನೂ ಕರೆಸಿದ್ದೆ. ಪಕ್ಕದ ಮನೆಯಾಕೆ ಬಿಳಿಗೆರೆ ಊರಿನ ತನ್ನ ನೆಂಟರನ್ನು ಇಳಿಸಿದ್ದಳು. ಬಿಸಿಲೆಂದು ಯಾರೋ ಶಾಮಿಯಾನ ಹಾಕಿಸಿದರು. ಶಾಮಿಯಾನ ಕಂಡ ಮೇಲೆ ಕುರ್ಚಿ ಬಂತು, ಕುರ್ಚಿ ಬಂದ ಮೇಲೆ ಪಾನಕ ಬಂತು. ಹೊಳೆಯಿಂದ ಮಿಂದು ಬಂದ ಭಕ್ತರು, ಊಟಕ್ಕೆ ಹಾಕುತ್ತಾರೆ ಎಂದುಕೊಂಡು ಸಾಲಾಗಿ ಕೂತು ಎಲೆಗಾಗಿ ಕಾಯತೊಡಗಿದರು. ಅವರಲ್ಲೊಬ್ಬ ಹಿರಿಯರು ನಮ್ಮತ್ತೆಯ ಬಳಿ ಬಂದು ಮಗು ಎಲ್ಲಿ, ಏನು ಹೆಸರಿಟ್ಟಿರಿ ಎಂದು ಕೇಳಿದರು.

ಅದೇ ಹುಡುಗಿ ಬಂದಳು. ನೋಡಿದಳು. ನಾವು ಯಾರೂ ಅಲುಗಾಡದೆ, ಗ್ರೂಪ್ ಫೋಟೋಗೆ ಕೂತಂತೆ ಅವಳನ್ನೇ ನೋಡುತ್ತಿದ್ದೆವು. ಟ್ಯಾಬಿನಲ್ಲಿ ಏನು ಬರೆದಳು ಎಂದು ತಂಗಿ ಇಣುಕಿದರೆ, ಖಾಸಗಿ ಸಮಾರಂಭ, ದಿನನಿತ್ಯದ ಬಳಕೆ ತಿಳಿದುಬಂದಿಲ್ಲ ಎಂದಿತ್ತು. ನನಗೆ ಅಳುವೇ ಬಂತು. ಹುಡುಗಿಗೆ ನಗು ಬಂತು. ಪಾನಕ ಕುಡಿದು, ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಂದು ಸಲ ಬರ್ತೀನಿ ಆಂಟಿ, ಆದರೆ ಯಾವತ್ತು ಅಂತ ಹೇಳಲ್ಲ, ದಯವಿಟ್ಟು ಏನೂ ಮಾಡಬೇಡಿ ಎಂದಳು.

ಏನೂ ಮಾಡದೆ ಇರುವುದು ಎಷ್ಟು ಕಷ್ಟ ಎಂದು ನಮಗೆ ಆಗ ಗೊತ್ತಾಯಿತು. ಅಂದಿನಿಂದ ಬೀದಿಗೆ ಬೀದಿಯೇ ಸಹಜವಾಗಿರಲು ಹೆಣಗಾಡಿತು. ಬೆನ್ನಿಗೆ ಚೀಲ ಹಾಕಿದ ಯಾರೇ ಕಂಡರೂ ಅನುಮಾನ. ಇನ್ಶೂರೆನ್ಸ್ ಮಾಡಿಸಲು ಬಂದ ಹೆಂಗಸೊಬ್ಬಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ನಾವು ದಿನಾ ಇಲ್ಲೇ ಕೂರೋದು ಕಣ್ರೀ ಎಂದು ಎಲ್ಲರೂ ಒಟ್ಟಿಗೆ ಹೇಳಿ ಕಳಿಸಿದರು. ಆದರೆ ಎಷ್ಟು ದಿನ ಹುಷಾರಾಗಿರಲು ಆಗುತ್ತದೆ. ಬಿಸಿಲು ಹೆಚ್ಚಾಯಿತು, ಸಂಡಿಗೆ ಕೆಲಸ ಮೇಲೆ ಬಿತ್ತು, ಹಸು ತನ್ನ ಜಾಗಕ್ಕೆ ಬಂತು, ಎಲ್ಲರೂ ಮರೆತರು. ಅತ್ತೆ ಮೂರಕ್ಕೆ ಬಾಗಿಲಿಗೆ ಹೇಳಿ ಹೊರಟರು. ನಾನು ಡಬ್ಬಗಳನ್ನು ಮತ್ತೆ ನನ್ನ ಸಾಲಿಗೆ ತಂದೆ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅತ್ತೆ ತಮ್ಮ ಎಲೆಅಡಿಕೆ ಚೀಲವನ್ನು ಕಿಟಕಿಯಲ್ಲೇ ಬಿಟ್ಟು ಹೋಗಿದ್ದರು. ಅದಿಲ್ಲದಿದ್ದರೆ ಅರ್ಧದಲ್ಲೇ ಎದ್ದು ಬಂದಾರು ಎಂದು ಹೆದರಿ ನಾನೇ ತೆಗೆದುಕೊಂಡು ಹೋದೆ. ಮಂಟಪದ ಹಿಂಬದಿಯಿಂದ ಹೋದೆ, ಆ ಕಡೆ ನೆರಳು. ಕಂಬದ ಹತ್ತಿರ ಬಂದಾಗ ಕಂಡದ್ದು ಅದೇ ಹುಡುಗಿ. ಚೀಲ ಕೆಳಗಿಟ್ಟು, ಚಕ್ಕಳಮಕ್ಕಳ ಹಾಕಿ ಹೆಂಗಸರ ನಡುವೆ ಕೂತು, ಅವರೊಂದಿಗೆ ಹಪ್ಪಳದ ಉಂಡೆ ಕಟ್ಟುತ್ತಿದ್ದಳು. ಉಂಡೆ ಒಂದೂ ದುಂಡಗಿರಲಿಲ್ಲ. ಅತ್ತೆಯ ಬೆನ್ನು ನನ್ನ ಕಡೆಗಿತ್ತು. ಹುಡುಗಿ ನಗುತ್ತ, ಅವತ್ತು ನಮಗೇನು ಮನೆ ಇಲ್ವಾ ಅಂದಿದ್ರಿ ಅಜ್ಜಿ, ಅಷ್ಟು ದೊಡ್ಡ ಮನೆ ಇಟ್ಟುಕೊಂಡು ಈ ಮಂಡಿನೋವಲ್ಲಿ ಇಲ್ಲಿಗೆ ಯಾಕೆ ಬರ್ತೀರಿ, ನನ್ನ ಟ್ಯಾಬಲ್ಲಿ ಬರೀಬೇಕು ಎಂದು ಕೇಳಿದಳು. ಗಾಳಿಗೆ, ಮಾತಿಗೆ, ದೇವರಿಗೆ ಎಂದು ಉತ್ತರಗಳನ್ನೂ ತಾನೇ ಹೇಳಿದಳು.

ಅತ್ತೆ ಕೈಯಲ್ಲಿದ್ದ ಉಂಡೆಯನ್ನು ತಟ್ಟಿ ಕೆಳಗಿಟ್ಟರು. ಇನ್ನೇನು ನನ್ನ ಫಿರ್ಯಾದು ಶುರು ಎಂದು ನಾನು ಕಂಬಕ್ಕೆ ಒತ್ತಿಕೊಂಡು ಕಿವಿ ಕೊಟ್ಟೆ.

"ಮನೆ ಬಿಟ್ಕೊಡಾಕೆ ಬತ್ತೀನಿ ಕಣವ್ವ," ಎಂದರು.

ಯಾರಿಗೆ ಎಂದಳು ಹುಡುಗಿ.

"ನನ್ ಸೊಸೆಗೆ. ನಾನು ಈ ಮನೇಗ್ ಬಂದಾಗ ನಮ್ಮತ್ತೆ ನಡುಮನೇಲೇ ಕೂತಿರೋರು. ಬೆಳಿಗ್ಗಿಂದ ರಾತ್ರಿ ಗಂಟ. ಒಳ್ಳೇರೇ ಕಣವ್ವ, ಒಂದ್ ಮಾತೂ ಆಡ್ತಿರ್ಲಿಲ್ಲ. ಆದ್ರೆ ಒಬ್ಳೇ ಕೂತು ಒಂದ್ ಗಳಿಗೆ ಉಸುರು ಬಿಟ್ಟೋಳಲ್ಲ ನಾನು. ಅವ್ರು ತೀರ್ಕೊಂಡ್ಮೇಲೆ ಮನೆ ನಂಗಾಯ್ತು ಅನ್ನೋ ಅಷ್ಟೊತ್ಗೆ ಇವ್ಳು ಬಂದ್ಲು. ಇವ್ಳೂ ನಾನ್ ಸಾಯೋ ಗಂಟ ಕಾಯ್ಬೇಕಾ? ಅದ್ಕೇ ಮೂರ್ ಗಂಟೆಗೆ ನಾನೇ ಎದ್ ಬತ್ತೀನಿ. ಮಂಡಿ ನೋವೋ, ಬಿಸ್ಲೋ, ಬತ್ತೀನಿ."

ಹೆಂಗಸರು ಉಂಡೆ ಕಟ್ಟುತ್ತಲೇ ಇದ್ದರು. ಅವರಿಗೆ ಇದು ಹೊಸದಾಗಿರಲಿಲ್ಲ ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅತ್ತೆ ಇನ್ನೊಂದು ಉಂಡೆ ಕೈಗೆತ್ತಿಕೊಂಡರು.

"ನಾನಿಲ್ದಾಗ ರಾಗ್ವಾಗ್ ಆಡ್ ಏಳ್ಕತಾಳೆ," ಎಂದರು. "ಒಂದಿನ ಛತ್ರಿ ಮರ್ತು ವಾಪಸ್ ಓಗಿದ್ದೆ, ಬಾಗ್ಲಲ್ಲೇ ಕೇಳುಸ್ತು. ಚೆನ್ನಾಗೇನ್ ಏಳಲ್ಲ. ಆದ್ರೂ ನಾನ್ ಒಳೀಕ್ ಓಗ್ನಿಲ್ಲ, ಮಳೇಲಿ ನೆನ್ಕೊಂಡೇ ಇಲ್ಗೆ ಬಂದೆ."

ಹುಡುಗಿ ಟ್ಯಾಬನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ನಾನು ಎಲೆಅಡಿಕೆ ಚೀಲವನ್ನು ಮಂಟಪದ ಮೆಟ್ಟಿಲ ಮೇಲಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದೆ. ಮನೆಗೆ ಬಂದು ಟಿವಿ ಹಾಕಲಿಲ್ಲ, ತಂಗಿಗೆ ಫೋನ್ ಮಾಡಲಿಲ್ಲ. ನಡುಮನೆಯಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಇಷ್ಟು ವರ್ಷ ನಾನು ಕದ್ದು ತಿಂದೆ ಅಂದುಕೊಂಡಿದ್ದ ಆ ಹೊತ್ತನ್ನು ಅವರು ದಿನಾ ಸವೆದ ಮಂಡಿಯಲ್ಲಿ ನಡೆದು ನನಗೆ ಬಡಿಸಿ ಹೋಗುತ್ತಿದ್ದರು. ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು ಎಂದು ಅವರ ಮೇಲೆ ಸಿಟ್ಟೂ ಬಂತು.

ಆಮೇಲೆ ನಕ್ಷೆ ಬದಲಾಯಿತು. ಕಾರುಗಳಿಗೆ ಊರಾಚೆ ಬೈಪಾಸ್ ಕಡೆ ಜಾಗ ಗೊತ್ತುಮಾಡಿದರು. ನಮ್ಮ ಕಟ್ಟೆಯ ಸಡಿಲವಾದ ಚಪ್ಪಡಿಗಳನ್ನು ಕೂರಿಸಿ, ಹತ್ತುವ ಕಡೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಕೊಟ್ಟರು. ಅಷ್ಟಕ್ಕೇ ಅಭಿವೃದ್ಧಿ ಮುಗಿಯಿತು. ಅತ್ತೆಯ ಮಾತಿನಿಂದ ಆಯಿತೋ, ಬೇರೆ ಏನಾದರೂ ಲೆಕ್ಕಾಚಾರವಿತ್ತೋ ನನಗೆ ತಿಳಿಯದು. ಹೊಸ ಚಿತ್ರದಲ್ಲಿ ಬಲೂನಿನವಳು ಹಾಗೇ ಇದ್ದಾಳಂತೆ, ಪಕ್ಕದಲ್ಲಿ ಒಂದು ಹಸುವನ್ನೂ ಸೇರಿಸಿದ್ದಾರಂತೆ. ಕಟ್ಟೆಯಲ್ಲಿ ಕೇಳಿದ ಮಾತನ್ನು ನಾನು ಅತ್ತೆಯ ಮುಂದೆ ಎತ್ತಲಿಲ್ಲ. ಎತ್ತಿದರೆ, ಕಂಬದ ಹಿಂದೆ ನಿಂತು ಕೇಳಿಸಿಕೊಳ್ಳೋದು ನಿಮ್ಮ ನರಸೀಪುರದ ಪದ್ಧತಿಯಾ ಎಂದು ಕೇಳುತ್ತಿದ್ದರು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮಳೆ ಹಿಡಿದುಕೊಂಡಿತು. ಗುಡುಗು, ಗಾಳಿ, ಹೊಳೆ ಕಡೆಯಿಂದ ಮಣ್ಣಿನ ವಾಸನೆ. ಗಡಿಯಾರ ಮೂರರ ಹತ್ತಿರ ಬಂದಾಗ ಅತ್ತೆ ಮುಖ ತೊಳೆದು ವಿಭೂತಿ ಇಟ್ಟುಕೊಂಡು, ಛತ್ರಿ ಬಿಡಿಸಿ ನೋಡುತ್ತಿದ್ದರು. ಕಟ್ಟೆಯ ಮೇಲೆ ಯಾರೂ ಇರುವುದಿಲ್ಲ ಎಂದು ಅವರಿಗೂ ಗೊತ್ತು, ಮಂಟಪದೊಳಗೆ ಒಬ್ಬರೇ ನಿಂತು ಹೊತ್ತು ಕಳೆಯುತ್ತಾರೆ ಎಂದು ನನಗೂ ಗೊತ್ತು. ನಾನು ಅಡುಗೆಮನೆಯಿಂದ ಬಂದು ಬಾಗಿಲಿಗೆ ಅಡ್ಡ ನಿಂತೆ. ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ಆಡದ ಮಾತನ್ನು ಆವತ್ತು ಆಡಿದೆ.

"ಇವತ್ತು ಇಲ್ಲೇ ಇರಿ ಅತ್ತೆ," ಎಂದೆ. "ಕಾಫಿ ಇಡ್ತೀನಿ."

ಅತ್ತೆ ಛತ್ರಿ ಮಡಿಸಿದರು. ಆಮೇಲೆ ಹತ್ತಿರ ಬಂದು ಅಂಗೈಯನ್ನು ನನ್ನ ಹಣೆಯ ಮೇಲಿಟ್ಟರು.

"ಯಾಕವ್ವ, ಮೈಯಲ್ ಉಸಾರಿಲ್ವಾ?"

ಏನೂ ಇಲ್ಲ ಎಂದೆ. ಅವರು ನಂಬಲಿಲ್ಲ. ಹಣೆ ಮುಟ್ಟಿ, ಕತ್ತು ಮುಟ್ಟಿ, ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆಯೇ ಛತ್ರಿಯನ್ನು ಮೂಲೆಗಿಟ್ಟು ನನ್ನ ಪಕ್ಕದಲ್ಲಿ ಕೂತರು.